ಏಳು ಮೀಟರ್ ಬಟ್ಟೆ ಮತ್ತು ನಿಮ್ಮ ಅರವತ್ತಮೂರನೇ ಪುಟ

ಗಣಿತ ಬೋಧನಾ ಸಂಶೋಧನೆ ಮತ್ತು ಶಿಕ್ಷಕರ ತರಬೇತಿ ಸಂಸ್ಥೆಯ ನಿರ್ದೇಶಕರಿಗೆ,

ಮಾನ್ಯರೇ,

ನಮ್ಮ ಶಾಲೆಯ ಆರನೇ ತರಗತಿಯ ಗಣಿತ ಟೀಚರನ್ನು ನೀವು ಕಿತ್ತುಕೊಂಡು ಹೋಗಿದ್ದೀರಿ. ವಾಪಸು ಕೊಡಿ. ನನ್ನ ಅಹವಾಲು ಇಷ್ಟೇ. ಇದನ್ನೇ ಮೂರು ಸಲ ಲಕೋಟೆಯೊಳಗಿಟ್ಟು ಕಳಿಸಿದೆ. ಮೂರು ಸಲವೂ ಒಂದೇ ಉತ್ತರ ಬಂತು: ‘ನಿಮ್ಮ ಅಮೂಲ್ಯ ಅನಿಸಿಕೆಗೆ ಧನ್ಯವಾದಗಳು.’ ಅಮೂಲ್ಯವಾದದ್ದನ್ನು ಜನ ಬೀಗ ಹಾಕಿ ಒಳಗಿಡುತ್ತಾರೆ, ಯಾರ ಕಣ್ಣಿಗೂ ಬೀಳಿಸುವುದಿಲ್ಲ. ನನ್ನ ಕಾಗದಗಳಿಗೂ ಅದೇ ಗತಿಯಾಗಿರಬೇಕು. ಅದಕ್ಕೇ ನಾಲ್ಕನೆಯದನ್ನು ಲಕೋಟೆಯಿಲ್ಲದೆ, ಎಲ್ಲರೂ ಓದಲಿ ಎಂದು ಪತ್ರಿಕೆಯವರ ಕೈಗೆ ಕೊಟ್ಟಿದ್ದೇನೆ.

ಶಾಲೆಯ ಎದುರಿಗೆ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು ನಾನು. ಐವತ್ತು ತುಂಬಿತು. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ್ದೇನೆ. ನಿಮ್ಮ ಮಟ್ಟದ ಭಾಷೆ ನನಗೆ ಬರುತ್ತಿರಲಿಲ್ಲ. ನಿಮ್ಮ ವರದಿಯನ್ನು ಎರಡು ಸಲ ಓದಿದ ಮೇಲೆ ಸ್ವಲ್ಪ ಸ್ವಲ್ಪ ಬರುತ್ತಿದೆ. ಮೊನ್ನೆ ಗಿರಾಕಿಯೊಬ್ಬರ ಪ್ಯಾಂಟು ಮುಗಿದಿರಲಿಲ್ಲ. ‘ಪ್ರಕ್ರಿಯೆಯು ಪ್ರಗತಿಯ ಹಂತದಲ್ಲಿದೆ’ ಎಂದೆ. ಪಾಪ, ಮರುಮಾತಾಡದೆ ಹೋದರು. ಇಷ್ಟು ವರ್ಷ ಇದು ಗೊತ್ತಿಲ್ಲದೆ ‘ಗುಂಡಿ ಒಂದು ಬಾಕಿ ಇದೆ’ ಎಂದು ಸುಳ್ಳು ಹೇಳಿ ಪಾಪ ಕಟ್ಟಿಕೊಳ್ಳುತ್ತಿದ್ದೆ. ಈ ಉಪಕಾರಕ್ಕೆ ನಾನು ನಿಮ್ಮ ಸಂಸ್ಥೆಗೆ ಋಣಿ.

ನಿಮ್ಮ ವರದಿ ಏನೆನ್ನುತ್ತದೆ ಎಂಬುದನ್ನು ಆಮೇಲೆ ನೋಡೋಣ. ಮೊದಲು ನಡೆದದ್ದನ್ನು ಹೇಳುತ್ತೇನೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವುದು ಸಂಶೋಧನೆಯ ಪದ್ಧತಿಯಲ್ಲದಿದ್ದರೆ ಕ್ಷಮಿಸಿ.

ಏಳು ತಿಂಗಳ ಹಿಂದೆ ಶಾಲೆಯ ಪ್ರಯೋಗಾಲಯಕ್ಕೆ ಮಕ್ಕಳ ಏಪ್ರನ್ ಹೊಲಿಯುವ ಕೆಲಸ ನನಗೆ ಬಂತು. ಬಿಳಿ ಬಟ್ಟೆಯ ಸುರುಳಿ, ಟೇಪು, ಗುರುತು ಹಾಕುವ ಬಳಪ ಹಿಡಿದುಕೊಂಡು ಅಳತೆ ತೆಗೆಯಲು ಆರನೇ ತರಗತಿಗೆ ಹೋದೆ. ನನ್ನ ಮೊಮ್ಮಗಳು ಓದುವುದೂ ಅಲ್ಲೇ. ಗಣಿತದ ಪಾಠ ಆಗಷ್ಟೇ ಶುರುವಾಗಿತ್ತು, ಎರಡು ಪೀರಿಯಡ್ ಒಟ್ಟಿಗೆ. ಹಿಂದಿನ ಬೆಂಚಿನಲ್ಲಿ ನಿಮ್ಮ ಸಂಸ್ಥೆಯಿಂದ ಬಂದ ವೀಕ್ಷಕಿ ಟ್ಯಾಬ್ ಹಿಡಿದು ಕೂತಿದ್ದರು. ನನ್ನ ಮಗಳ ವಯಸ್ಸಿನ ಹುಡುಗಿ. ‘ಬನ್ನಿ ಆಂಟಿ’ ಎಂದು ಚೀಲ ಸರಿಸಿ ಜಾಗ ಕೊಟ್ಟಳು. ಆ ಮಗುವಿನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ.

ಟೀಚರು ನನ್ನನ್ನು ನೋಡಿ, “ಅಕ್ಕಾ, ಒಂದು ಏಪ್ರನ್ನಿಗೆ ಎಷ್ಟು ಬಟ್ಟೆ ಹಿಡಿಯುತ್ತೆ?” ಎಂದರು.

“ಮುಕ್ಕಾಲು ಮೀಟರು.”

“ನೀವು ತಂದಿರೋದು?”

“ಏಳು ಮೀಟರು.”

“ಸರಿ, ಪುಸ್ತಕ ಮುಚ್ಚಿ ಎಲ್ಲಾರೂ,” ಎಂದರು ಮಕ್ಕಳಿಗೆ. “ಇವತ್ತಿನ ಲೆಕ್ಕ ಬಾಗಿಲಿಗೇ ಬಂದಿದೆ. ಈ ಬಟ್ಟೇಲಿ ಎಷ್ಟು ಏಪ್ರನ್ ಆಗುತ್ತೆ?”

ಮಕ್ಕಳು ಎರಡು ಪಂಗಡವಾದರು. ಒಂದು ಪಂಗಡ ನನ್ನ ಬಟ್ಟೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಮುಕ್ಕಾಲು ಮುಕ್ಕಾಲು ಮೀಟರಿಗೆ ಬಳಪದ ಗೆರೆ ಎಳೆಯಿತು. ಅದಕ್ಕೆ ಮುಂದಾಳು ನನ್ನ ಮೊಮ್ಮಗಳು. ಇನ್ನೊಂದು ಪಂಗಡ ಕಾಗದದಲ್ಲಿ ಲೆಕ್ಕ ಬಿಡಿಸಿತು. ಅದಕ್ಕೆ ಮುಂದಾಳು ಒಬ್ಬ ಕನ್ನಡಕದ ಹುಡುಗ. ಹತ್ತು ಹನ್ನೆರಡು ನಿಮಿಷದಲ್ಲಿ ಉತ್ತರ ಬಂತು. ಒಂದಲ್ಲ, ಎರಡು.

ಮೊಮ್ಮಗಳು ಒಂಬತ್ತೂಕಾಲು ಎಂದಳು. ಒಂಬತ್ತು ಏಪ್ರನ್ನಿಗೆ ಗೆರೆ ಬಿದ್ದು ಕಾಲು ಮೀಟರು ಬಟ್ಟೆ ಉಳಿದಿತ್ತು, ಎಲ್ಲರ ಕಣ್ಣೆದುರಿಗೇ. ಕನ್ನಡಕದ ಹುಡುಗ ಒಂಬತ್ತು ಮತ್ತು ಮೂರನೇ ಒಂದು ಎಂದ. ಟೀಚರು ಎರಡನ್ನೂ ಹಲಗೆಯ ಮೇಲೆ ಬರೆದರು. ಬರೆದು, ಕೈಗೆ ಅಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡು ಕಿಟಕಿಯ ಪಕ್ಕ ಹೋಗಿ ನಿಂತುಬಿಟ್ಟರು.

“ನೀನು ಸೂತ್ರ ಬಾಯಿಪಾಠ ಮಾಡಿದೀಯ ಅಷ್ಟೇ,” ಎಂದಳು ಇವಳು.

“ನಿಮ್ಮಜ್ಜಿ ಬಟ್ಟೆ ಅಂತ ಜಂಬ ಬೇಡ,” ಎಂದ ಅವನು.

“ಬಾ, ಬಂದು ಅಳೆ! ಇಪ್ಪತ್ತೈದು ಸೆಂಟಿಮೀಟರ್ ಇದೆಯೋ ಇಲ್ವೋ ನೋಡು.”

ಅವನು ಬಂದು ಅಳೆದ. ಇತ್ತು. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಅಳೆದ. ಆಗಲೂ ಇತ್ತು. “ಇದೆ ಕಣೇ. ಆದ್ರೆ ಲೆಕ್ಕದಲ್ಲಿ ಬರ್ತಾ ಇಲ್ವಲ್ಲ!”

“ಟೀಚರ್, ಯಾವುದು ಸರಿ ಅಂತ ಹೇಳ್ಬಿಡಿ,” ಎಂದು ಎಲ್ಲ ಮಕ್ಕಳೂ ಅಂಗಲಾಚಿದರು.

“ನನಗೇನೂ ಅವಸರ ಇಲ್ಲ,” ಎಂದರು ಟೀಚರು.

ಮಾನ್ಯರೇ, ನಿಜ ಹೇಳುತ್ತೇನೆ, ನನಗೆ ಅವಸರವಿತ್ತು. ಮೂವತ್ತು ವರ್ಷ ಬಟ್ಟೆ ಕತ್ತರಿಸಿದವಳು ನಾನು. ಮೊಮ್ಮಗಳದೇ ಸರಿ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಟ್ಟೆ ಕಣ್ಣಮುಂದೆ ಬಿದ್ದಿದೆ, ಇನ್ನೇನು ಬೇಕು? ಆದರೆ ಆ ಕೋಣೆಯಲ್ಲಿ ಮಾತಾಡುವ ಧೈರ್ಯವಾಗಲಿಲ್ಲ. ಮಕ್ಕಳು ಕಿತ್ತಾಡಿದರು, ಪಿಸುಗುಟ್ಟಿದರು, ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಇಪ್ಪತ್ತೆಂಟು ಮಕ್ಕಳು ತುಟಿಪಿಟಕ್ಕೆನ್ನದೆ ಒಂದು ತುಂಡು ಬಟ್ಟೆಯನ್ನು ದುರುಗುಟ್ಟಿಕೊಂಡು ಕೂತಿದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಆ ಮೌನದಲ್ಲಿ ನಿಮ್ಮ ಟ್ಯಾಬ್ ಮಾತ್ರ ಅರ್ಧ ನಿಮಿಷಕ್ಕೊಮ್ಮೆ ಕೀಂಯ್ ಎನ್ನುತ್ತಿತ್ತು. ಕೀಂಯ್ ಎಂದಾಗಲೆಲ್ಲ ವೀಕ್ಷಕಿ ಒಂದು ಚೌಕವನ್ನು ಮುಟ್ಟುತ್ತಿದ್ದಳು. ನಾನು ಇಣುಕಿ ನೋಡಿದೆ; ಬೇರೆಯವರ ಕೆಲಸದಲ್ಲಿ ಇಣುಕುವುದು ತಪ್ಪು, ದೇವರ ಹತ್ತಿರ ಅದನ್ನು ಆಗಲೇ ಒಪ್ಪಿಕೊಂಡಿದ್ದೇನೆ. ಐದು ಚೌಕಗಳಿದ್ದವು: ಶಿಕ್ಷಕರು ಮಾತಾಡುತ್ತಿದ್ದಾರೆ, ವಿದ್ಯಾರ್ಥಿ ಉತ್ತರಿಸುತ್ತಿದ್ದಾರೆ, ಬರವಣಿಗೆ ನಡೆದಿದೆ, ಚಟುವಟಿಕೆ ಇಲ್ಲ, ಅಶಿಸ್ತು. ಮಕ್ಕಳು ಕಿತ್ತಾಡಿದಾಗ ಅಶಿಸ್ತು. ಸುಮ್ಮನಾದಾಗ ಚಟುವಟಿಕೆ ಇಲ್ಲ. ಯೋಚಿಸುವುದಕ್ಕೆ ಆರನೆಯ ಚೌಕ ಬೇಕಿತ್ತು. ನಿಮ್ಮವರು ಐದಕ್ಕೇ ಸುಸ್ತಾಗಿದ್ದರೋ ಏನೋ.

ಹಾಗೆ ಹದಿನೇಳು ನಿಮಿಷ. ಅಷ್ಟರಲ್ಲಿ ವೀಕ್ಷಕಿಯ ಮೂವತ್ತು ನಿಮಿಷದ ಸರದಿ ಮುಗಿಯಿತು. ಇನ್ನೊಂದು ಶಾಲೆಗೆ ಹೋಗಬೇಕಿತ್ತು. ನಮಸ್ಕಾರ ಹೇಳಿ ಎದ್ದಳು. ಅವಳು ಮೆಟ್ಟಿಲಿಳಿದು ಅಂಗಳ ಮುಟ್ಟಿರಲಿಕ್ಕಿಲ್ಲ, ನನ್ನ ಮೊಮ್ಮಗಳು ನನ್ನನ್ನು ಕೇಳಿ, ಉಳಿದ ತುಂಡನ್ನು ಗೆರೆಯಲ್ಲಿ ಹರಿದುಕೊಂಡು ಒಂದು ಏಪ್ರನ್ನಿನ ಗೆರೆಗಳ ನಡುವೆ ಇಟ್ಟಳು. ಸರಿಸಿ ಮತ್ತೆ ಇಟ್ಟಳು. ಇನ್ನೊಂದು ಸಲ ಸರಿಸಿ ಇಟ್ಟಳು. ಅಂಚಿಗೆ ಅಂಚು ಕೂತಿತು.

“ಟೀಚರ್, ಇಂಥ ಮೂರು ತುಂಡು ಸೇರಿದ್ರೆ ಒಂದು ಏಪ್ರನ್!”

ಟೀಚರು ಕಿಟಕಿಯಿಂದ ಕದಲಲಿಲ್ಲ. “ಸರಿ, ಹಾಗಾದ್ರೆ ನಿನ್ನ ಕಾಲು, ಅದು ಯಾವುದರಲ್ಲಿ ಕಾಲು?”

“ಮೀಟರಲ್ಲಿ.” ಮೊಮ್ಮಗಳು ಹಲಗೆ ನೋಡಿದಳು. “ಅಯ್ಯೋ, ಒಂಬತ್ತು ಅಂದಿದ್ದು ಏಪ್ರನ್ನು, ಕಾಲು ಅಂದಿದ್ದು ಮೀಟರು. ಎರಡನ್ನೂ ಒಂದೇ ಅಂದ್ಕೊಂಡು ಅಂಟಿಸ್ಬಿಟ್ಟೆ! ಏಪ್ರನ್ ಲೆಕ್ಕದಲ್ಲಿ ಅದು ಮೂರನೇ ಒಂದೇ. ನನ್ನದು ತಪ್ಪು ಟೀಚರ್.” ಹೇಳಿದ್ದು ತಪ್ಪು ಎಂಬ ಮಾತು, ಹೇಳುವಾಗ ಕುಣಿಯುತ್ತಿದ್ದಳು. ಕನ್ನಡಕದ ಹುಡುಗ ಅವಳಿಗಿಂತ ಜಾಸ್ತಿ ಕುಣಿದ: “ನಂದು ಸರಿ ಅಂತ ಗೊತ್ತಿತ್ತು, ಯಾಕೆ ಸರಿ ಅಂತ ಈಗ ಗೊತ್ತಾಯ್ತು!”

ನನ್ನ ವಿಷಯ ಒಂದು ಮಾತು. ನಮ್ಮ ಹಳ್ಳಿಯ ಮೇಷ್ಟ್ರು ಭಿನ್ನರಾಶಿಯ ಭಾಗಾಕಾರ ಹೇಳಿಕೊಟ್ಟದ್ದು ಹೀಗೆ: ‘ಎರಡನೇದನ್ನ ತಲೆಕೆಳಗು ಮಾಡು, ಗುಣಿಸು.’ ಯಾಕೆ ಸಾರ್ ಎಂದು ಕೇಳಿದೆ. ‘ಯಾಕೆ ಅನ್ನೋದು ಪರೀಕ್ಷೇಲಿ ಬರಲ್ಲ’ ಎಂದರು. ಅಂದಿನಿಂದ ಲೆಕ್ಕವನ್ನು ತಲೆಕೆಳಗು ಮಾಡುವುದನ್ನು ಬಿಟ್ಟು, ಲೆಕ್ಕವನ್ನೇ ಬಿಟ್ಟೆ. ಕಾಗದ ಕತ್ತರಿಸಿಕೊಂಡು ಕೈ ಅಂದಾಜಿನಲ್ಲಿ ಸಾವಿರಾರು ಬಟ್ಟೆ ಹೊಲಿದೆ. ಆ ದಿನ ಹಿಂದಿನ ಬೆಂಚಿನಲ್ಲಿ ಕೂತಾಗ ಮೂವತ್ತೇಳು ವರ್ಷದ ಗಂಟು ಬಿಚ್ಚಿತು. ಅಂಗಡಿಗೆ ಬಂದು, ಮಿಷಿನ್ನಿನ ಮುಂದೆ ಕೂತು, ದೇವರೇ ಇಷ್ಟು ಸುಲಭದ್ದನ್ನು ಇಷ್ಟು ವರ್ಷ ಯಾಕಪ್ಪಾ ಬಚ್ಚಿಟ್ಟಿದ್ದೆ ಎಂದು ಕೇಳಿದೆ. ಆಮೇಲೆ ಹೊಳೆಯಿತು, ದೇವರು ಬಚ್ಚಿಟ್ಟದ್ದಲ್ಲ, ಮೇಷ್ಟ್ರಿಗೆ ಅವಸರವಿತ್ತು.

ಈಗ ನಿಮ್ಮ ವರದಿಗೆ ಬರುತ್ತೇನೆ. ಮುಖ್ಯೋಪಾಧ್ಯಾಯಿನಿ ಅದನ್ನು ನನಗೆ ಓದಲು ಕೊಟ್ಟರು. ಗಟ್ಟಿ ರಟ್ಟು, ನುಣುಪು ಕಾಗದ, ಬಣ್ಣಬಣ್ಣದ ಪಟ್ಟಿಗಳು. ನಾನೂರ ಹನ್ನೆರಡು ಶಿಕ್ಷಕರನ್ನು, ತಲೆಗೆ ಮೂವತ್ತು ನಿಮಿಷದಂತೆ ವೀಕ್ಷಿಸಿ, ಮೂರು ಗುಂಪು ಮಾಡಿದ್ದೀರಿ: ಸಮರ್ಥರು, ಸಾಧಾರಣರು, ಪುನಶ್ಚೇತನ ಅಗತ್ಯವಿರುವವರು. ಚೇತನ ಪೂರ್ತಿ ಹೋದವರಿಗಲ್ಲವೇ ಪುನಃ ಚೇತನ ಕೊಡುವುದು? ಅಷ್ಟು ದೂರ ಹೋದವರನ್ನು ಎಬ್ಬಿಸುವುದು ಇಲ್ಲಿಯವರೆಗೆ ದೇವರ ಕೆಲಸ ಎಂದುಕೊಂಡಿದ್ದೆ. ನೀವು ಹತ್ತು ತಿಂಗಳ ಕೋರ್ಸಿನಲ್ಲಿ ಮಾಡುತ್ತಿದ್ದೀರಿ ಎಂದು ತಿಳಿದು ಮೈ ಜುಮ್ಮೆಂದಿತು.

ಅರವತ್ತಮೂರನೇ ಪುಟದಲ್ಲಿ ನಮ್ಮ ಟೀಚರಿದ್ದಾರೆ. ಹೆಸರಿಲ್ಲ, ಶಾಲೆಯ ಸಂಖ್ಯೆ ಇದೆ. ಸಂಖ್ಯೆ ಶಾಲೆಯ ಗೇಟಿನ ಮೇಲೆಯೂ ಇದೆ, ಆದ್ದರಿಂದ ಗುಟ್ಟು ಚೆನ್ನಾಗಿ ಉಳಿದಿದೆ. ನಿಮ್ಮ ವಾಕ್ಯಗಳನ್ನು ಇದ್ದ ಹಾಗೆ ನಕಲು ಮಾಡುತ್ತೇನೆ: ‘ವಿದ್ಯಾರ್ಥಿನಿಯೊಬ್ಬಳು ಸರಿಯುತ್ತರವನ್ನು (ಒಂಬತ್ತೂಕಾಲು) ನೀಡಿದಾಗ್ಯೂ ಶಿಕ್ಷಕಿಯು ಅದನ್ನು ದೃಢೀಕರಿಸಲಿಲ್ಲ. ಬದಲಾಗಿ ಮತ್ತೊಂದು ತಪ್ಪು ಉತ್ತರವನ್ನೂ ಹಲಗೆಯ ಮೇಲೆ ಉಳಿಸಿ, ಹದಿನೇಳು ನಿಮಿಷಗಳ ಕಾಲ ತರಗತಿಯನ್ನು ಗೊಂದಲದಲ್ಲಿಟ್ಟರು. ಚಟುವಟಿಕೆ ಇಲ್ಲ: ಇಪ್ಪತ್ತಮೂರು. ಅಶಿಸ್ತು: ಹನ್ನೊಂದು. ವಿಷಯಜ್ಞಾನ: ದುರ್ಬಲ. ಶಿಫಾರಸು: ಪುನಶ್ಚೇತನ.’

ನಾನು ಕತ್ತರಿ ಕೆಳಗಿಟ್ಟು ಇನ್ನೊಮ್ಮೆ ಓದಿದೆ. ಕನ್ನಡಕ ಬದಲಾಯಿಸಿ ಓದಿದೆ. ಮಾನ್ಯರೇ, ಗಣಿತ ಸಂಶೋಧನಾ ಸಂಸ್ಥೆಯ ವರದಿಯಲ್ಲಿ ಗಣಿತ ತಪ್ಪಾಗಿದೆ. ಹನ್ನೊಂದು ವರ್ಷದ ಹುಡುಗಿ ಎಲ್ಲಿ ಎಡವಿದಳೋ, ಅದೇ ಕಲ್ಲಿಗೆ ನಿಮ್ಮ ಪದವೀಧರರು ಎಡವಿದ್ದಾರೆ. ಒಂದೇ ವ್ಯತ್ಯಾಸ: ಅವಳು ಎದ್ದಳು, ಅವರು ಬಿದ್ದಲ್ಲೇ ಅಚ್ಚು ಹಾಕಿಸಿದರು. ಬಟ್ಟೆಯ ತುಂಡಿನಲ್ಲಿ ಕಾಲು ಮೀಟರನ್ನು ಕಂಡು, ಅದು ಕಾಲು ಏಪ್ರನ್ ಎಂದುಕೊಂಡರು. ತಪ್ಪು ದೊಡ್ಡದಲ್ಲ. ನಾನೂ ಆ ಹೊತ್ತಿನಲ್ಲಿ ಅದೇ ತಪ್ಪು ಮಾಡಿದ್ದೆ. ಆದರೆ ನಾನು ಯಾರ ವಿಷಯಜ್ಞಾನವೂ ದುರ್ಬಲ ಎಂದು ಬರೆಯಲಿಲ್ಲ, ಯಾರನ್ನೂ ತರಗತಿಯಿಂದ ಎಬ್ಬಿಸಿಕೊಂಡು ಹೋಗಲಿಲ್ಲ.

ಇನ್ನೊಂದು ವಿಷಯ. ಆರು ವರ್ಷದ ಕೆಳಗೆ ನಮ್ಮ ಟೀಚರು ನಿಮ್ಮಲ್ಲೇ ತರಬೇತಿ ಪಡೆದವರು. ಆಗ ನೀವು ಕೊಟ್ಟ ಕೈಪಿಡಿ ಶಾಲೆಯ ಕಪಾಟಿನಲ್ಲಿದೆ. ಅದರಲ್ಲಿ ನಿಮ್ಮ ಸಂಸ್ಥೆಯೇ ಬರೆದಿದೆ: ‘ಪ್ರಶ್ನೆ ಕೇಳಿದ ಬಳಿಕ ಮಕ್ಕಳಿಗೆ ಯೋಚಿಸಲು ಸಮಯ ಕೊಡಿ. ತಪ್ಪು ಉತ್ತರವನ್ನು ತಕ್ಷಣ ತಿದ್ದಬೇಡಿ. ಅದು ಹೇಗೆ ಬಂತೆಂದು ಮಕ್ಕಳೇ ಕಂಡುಕೊಳ್ಳಲಿ.’ ಈ ಸಾಲುಗಳ ಕೆಳಗೆ ಟೀಚರು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಅವರ ಅಪರಾಧ ಇದೇ ಇರಬೇಕು, ನೀವು ಹೇಳಿಕೊಟ್ಟದ್ದನ್ನು ನಂಬಿದ್ದು. ಒಂದು ಮಹಡಿಯಲ್ಲಿ ಕಾಯಿರಿ ಎಂದು ಕಲಿಸುತ್ತೀರಿ, ಇನ್ನೊಂದು ಮಹಡಿಯಲ್ಲಿ ಕಾದವರನ್ನು ಹಿಡಿಯಲು ಬಲೆ ಹೆಣೆಯುತ್ತೀರಿ. ಎರಡು ಮಹಡಿಗಳ ನಡುವೆ ಮೆಟ್ಟಿಲಿಲ್ಲವೇ? ಲಿಫ್ಟೂ ಕೆಟ್ಟಿದೆಯೇ?

ನಾನು ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಕಾಲು ಗಂಟೆ ದೇವರ ಮುಂದೆ ಕಣ್ಣುಮುಚ್ಚಿ ಕೂರುತ್ತೇನೆ. ಬಾಯಿ ಆಡಿಸುವುದಿಲ್ಲ, ಕೈ ಆಡಿಸುವುದಿಲ್ಲ. ನಿಮ್ಮ ವೀಕ್ಷಕಿ ಪಕ್ಕದಲ್ಲಿ ಕೂತರೆ ಮೂವತ್ತು ಸಲ ಕೀಂಯ್ ಎನ್ನಿಸಿ ‘ಚಟುವಟಿಕೆ ಇಲ್ಲ’ ಎಂದು ಬರೆದಾಳು. ನನ್ನ ಭಕ್ತಿಯನ್ನೂ ಪುನಶ್ಚೇತನಕ್ಕೆ ಕಳಿಸುತ್ತೀರಾ? ಮನುಷ್ಯನೊಳಗೆ ಏನಾದರೂ ಬಲಿಯುವಾಗ ಹೊರಗೆ ಸದ್ದಿರುವುದಿಲ್ಲ ಎಂಬುದನ್ನು ತಿಳಿಯಲು ಸಂಶೋಧನೆ ಬೇಕೇ? ಬೇಕಿದ್ದರೆ ಅದನ್ನೇ ಮಾಡಬಾರದೇ?

ಹೋದ ವಾರ ಅಂಗಡಿಗೆ ಬೀಗ ಹಾಕಿ ನಿಮ್ಮ ಸಂಸ್ಥೆಗೇ ಬಂದೆ. ಚೆಂದದ ಕಟ್ಟಡ. ಬಾಗಿಲಲ್ಲಿ ಚೀಟಿ ಬರೆಸಿಕೊಂಡರು. ‘ಭೇಟಿಯ ಉದ್ದೇಶ’ ಎಂಬಲ್ಲಿ ‘ಒಂದು ಲೆಕ್ಕ’ ಎಂದು ಬರೆದೆ. ಒಂದೂವರೆ ಗಂಟೆ ಕಾದ ಮೇಲೆ ಸಹಾಯಕ ಸಂಶೋಧನಾಧಿಕಾರಿಗಳ ಕೋಣೆಗೆ ಬಿಟ್ಟರು. ಸಜ್ಜನರು, ಕೂರಿಸಿ ಚಹಾ ತರಿಸಿದರು. ನಾನು ಪುಟ ತೆರೆದು ತೋರಿಸಿದೆ.

“ಸಾರ್, ಏಳು ಮೀಟರು ಬಟ್ಟೆ. ಒಂದಕ್ಕೆ ಮುಕ್ಕಾಲು ಮೀಟರು. ಎಷ್ಟಾಗುತ್ತೆ ನೀವೇ ಹೇಳಿ.”

ಅವರು ಮೇಜಿನ ಖಾನೆಯಿಂದ ಕ್ಯಾಲ್ಕುಲೇಟರ್ ತೆಗೆದರು. ಒತ್ತಿದರು. ನೋಡಿದರು. ಅಳಿಸಿ ಮತ್ತೆ ಒತ್ತಿದರು. “ಒಂಬತ್ತು ಪಾಯಿಂಟ್ ಮೂರು ಮೂರು ಮೂರು... ಹೋಗ್ತಾನೇ ಇದೆ. ಅಂದ್ರೆ ಹೆಚ್ಚುಕಡಿಮೆ ಒಂಬತ್ತೂಕಾಲೇ ಅಲ್ವೇನಮ್ಮ?”

“ಹೆಚ್ಚುಕಡಿಮೆ ಅಂದ್ರೆ?”

“ಸಂಶೋಧನೇಲಿ ಅಷ್ಟು ವ್ಯತ್ಯಾಸ ಒಪ್ಪುತ್ತಾರಮ್ಮ.”

“ಕಾಲರಿನಲ್ಲಿ ಅಷ್ಟು ವ್ಯತ್ಯಾಸ ಮಾಡಿದ್ರೆ ಕತ್ತು ಒಪ್ಪಲ್ಲ ಸಾರ್.”

ಅವರು ನಕ್ಕರು. ಒಳ್ಳೆಯ ಮನಸ್ಸಿನ ನಗು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನೋಡಿಮ್ಮ, ತಪ್ಪಿರಬಹುದು. ಆದ್ರೆ ವರದಿ ಅಚ್ಚಾಗಿ ನಾಲ್ಕು ತಿಂಗಳಾಯ್ತು. ತಿದ್ದುಪಡಿ ಅಂದ್ರೆ ಸಮಿತಿ ಸೇರಬೇಕು. ಸಮಿತಿ ಸೇರಬೇಕಂದ್ರೆ ವರದಿ ಬರೆದವರು ಇರಬೇಕು. ಅವರು ಈ ವರದೀನೇ ಮಂಡಿಸೋಕೆ ಹೊರದೇಶಕ್ಕೆ ಹೋಗಿದಾರೆ.”

“ಏನಂತ ಮಂಡಿಸ್ತಾರೆ ಸಾರ್?”

“ಶಿಕ್ಷಕರಲ್ಲಿ ಭಿನ್ನರಾಶಿಯ ತಪ್ಪು ಕಲ್ಪನೆಗಳು, ಅಂತ.”

ನಾನು ಚಹಾದ ಲೋಟ ಕೆಳಗಿಟ್ಟೆ. “ಅಲ್ಲದೆ,” ಎಂದು ಅವರೇ ಮತ್ತೆ ಶುರುಮಾಡಿದರು, “ನಾನೂರ ಹನ್ನೆರಡು ಜನರಲ್ಲಿ ಒಬ್ಬರ ವಿಷಯದಲ್ಲಿ ಹೀಗಾದ್ರೆ ಒಟ್ಟು ಫಲಿತಾಂಶಕ್ಕೇನೂ ಧಕ್ಕೆ ಬರಲ್ಲ.”

“ನಮ್ಮ ಮಕ್ಕಳಿಗೆ ಆ ಒಬ್ಬರೇ ಇದ್ದಿದ್ದು ಸಾರ್.”

ಆಕ್ಷೇಪಣೆಯ ನಮೂನೆ ಕೊಟ್ಟರು. ಅದರ ಎರಡನೇ ಸಾಲಿನಲ್ಲೇ ‘ಕನಿಷ್ಠ ಅರ್ಹತೆ: ಸ್ನಾತಕೋತ್ತರ ಪದವಿ’ ಎಂದಿತ್ತು. ಏಳನೇ ತರಗತಿ ಎಂದೆ. “ಹಾಗಾದ್ರೆ ಇದು ನಿಮಗೆ ಬರಲ್ಲಮ್ಮ. ಅನಿಸಿಕೆಯ ನಮೂನೆ ತುಂಬಿ,” ಎಂದು ಬೇರೆ ಕಾಗದ ತೆಗೆದರು. ಸರಿಯುತ್ತರಕ್ಕೂ ಪದವಿ ಬೇಕೆಂದು ನನಗೆ ತಿಳಿದಿರಲಿಲ್ಲ. ತಪ್ಪು ಉತ್ತರಕ್ಕೆ ಎಷ್ಟು ಓದಿರಬೇಕು ಎಂದು ಕೇಳೋಣವೆನಿಸಿತು. ಚಹಾ ಕುಡಿದ ಮನೆ, ನಮೂನೆ ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಮರಳುವಾಗ ಎರಡನೇ ಮಹಡಿಯ ಉದ್ದ ಕೋಣೆಯ ಬಾಗಿಲು ತೆರೆದಿತ್ತು. ಪುನಶ್ಚೇತನ ನಡೆಯುತ್ತಿತ್ತು. ಹದಿನೆಂಟು ಇಪ್ಪತ್ತು ವರ್ಷ ಪಾಠ ಮಾಡಿದ ಮೂವತ್ತು ನಲವತ್ತು ಶಿಕ್ಷಕರು ಬಣ್ಣದ ಕಾಗದದ ರೊಟ್ಟಿಯನ್ನು ಅರ್ಧ ಮಾಡಿ, ಕಾಲು ಮಾಡಿ, ರಟ್ಟಿಗೆ ಅಂಟಿಸುತ್ತಿದ್ದರು. ನಮ್ಮ ಟೀಚರು ಕೊನೆಯ ಮೇಜಿನಲ್ಲಿ. ನನ್ನನ್ನು ಕಂಡು ಅಂಟು ಮೆತ್ತಿದ ಕೈಯಲ್ಲೇ ಎದ್ದು ಬಂದರು.

“ಅಕ್ಕಾ, ನೀವೇನಿಲ್ಲಿ?”

“ನಿಮ್ಮನ್ನ ಕರ್ಕೊಂಡ್ಹೋಗೋಕೆ ಬಂದೆ. ಕೊಡಲ್ಲ ಅಂದ್ರು.”

ನಕ್ಕರು. ಆದರೆ ಆ ನಗು ಕಣ್ಣು ಮುಟ್ಟಲಿಲ್ಲ. ಅವರಿಗಾದ ಅನ್ಯಾಯದ ಮಾತು ನನ್ನ ಬಾಯಲ್ಲಿತ್ತು. ಅವರ ಬಾಯಲ್ಲಿ ಇದ್ದದ್ದು ಬೇರೆ. “ಮಕ್ಕಳು ಎಲ್ಲಿವರೆಗೆ ಬಂದ್ರು? ದಶಮಾಂಶ ಶುರು ಮಾಡಿದ್ರಾ? ಆ ಕೊನೆ ಸಾಲಿನ ಮೂರು ಜನ ಇನ್ನೂ ಬೆರಳು ಮಡಿಸ್ತಾರಾ? ನಿಮ್ಮ ಮೊಮ್ಮಗಳು?” ಆಮೇಲೆ ನನ್ನ ಕಣ್ಣಲ್ಲೇ ಕಣ್ಣಿಟ್ಟು, “ಕ್ಲಾಸಲ್ಲಿ ಮಾತಾಡ್ತಾಳೆ ತಾನೆ ಅಕ್ಕಾ?” ಎಂದರು.

“ಹ್ಞೂಂ, ಬಾಯಿ ಮುಚ್ಚೋದೇ ಇಲ್ಲ,” ಎಂದೆ.

ಅದು ಸುಳ್ಳು. ಗಿರಾಕಿಗಳಿಗೆ ಹೇಳುವಂಥ ಸಣ್ಣ ಸುಳ್ಳಲ್ಲ. ದೇವರ ಮುಂದೆ ಅದನ್ನು ಇನ್ನೂ ಒಪ್ಪಿಕೊಂಡಿಲ್ಲ. ಇಲ್ಲಿ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ, ಏಕೆಂದರೆ ಅದರಲ್ಲಿ ನಿಮಗೂ ಪಾಲಿದೆ.

ವರದಿ ಬಂದು ಟೀಚರನ್ನು ನೀವು ಕರೆಸಿಕೊಂಡ ವಾರ ಮುಖ್ಯೋಪಾಧ್ಯಾಯಿನಿ ಬೆಳಗಿನ ಸಭೆಯಲ್ಲಿ ಮಕ್ಕಳನ್ನೆಲ್ಲ ನಿಲ್ಲಿಸಿ, ‘ನಮ್ಮ ಶಾಲೆಯ ವಿದ್ಯಾರ್ಥಿನಿಯ ಸರಿಯುತ್ತರ ಸಂಶೋಧನಾ ವರದಿಯಲ್ಲಿ ದಾಖಲಾಗಿದೆ’ ಎಂದು ಓದಿದರು. ಅವರನ್ನು ಬೈಯಲಾರೆ, ಆ ಪುಟದಲ್ಲಿ ಹೆಮ್ಮೆಪಡಲು ಅವರಿಗೆ ಸಿಕ್ಕಿದ್ದು ಆ ಒಂದು ಸಾಲು. ನಾನು ಆಮೇಲೆ ಹೋಗಿ ತಪ್ಪು ತೋರಿಸಿದಾಗ ಹಣೆ ಹಿಡಿದುಕೊಂಡರು. “ನನಗೂ ಅನುಮಾನ ಬಂತು ಟೈಲರಮ್ಮ. ಆದ್ರೆ ಅಷ್ಟು ದೊಡ್ಡ ಸಂಸ್ಥೆ ಬರೆದಿದೆ, ನನ್ನದೇ ತಪ್ಪಿರಬೇಕು ಅಂದ್ಕೊಂಡೆ.” ನಿಮ್ಮ ಸಂಸ್ಥೆ ಗಣಿತಕ್ಕೆ ಸಲ್ಲಿಸಿದ ದೊಡ್ಡ ಸೇವೆ ಇದು: ತನ್ನ ಲೆಕ್ಕವನ್ನು ತಾನೇ ನಂಬದ ಮುಖ್ಯೋಪಾಧ್ಯಾಯಿನಿ.

ಅಂದು ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮೊಮ್ಮಗಳಿಗೆ ಒಂದು ಪೆನ್ನು ಕೊಟ್ಟರು. ಮನೆಗೆ ಬಂದವಳು ಪೆನ್ನು ಯಾರಿಗೂ ತೋರಿಸಲಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಅಂಗಡಿಗೆ ಬಂದು, ನನ್ನ ಕತ್ತರಿಸುವ ಮೇಜಿನ ಕೆಳಗೆ, ಚಿಕ್ಕವಳಿದ್ದಾಗ ಕೂರುತ್ತಿದ್ದ ಜಾಗದಲ್ಲಿ ಮುದುಡಿ ಕೂತಳು.

“ಅಜ್ಜಿ, ನನ್ನ ಉತ್ತರ ಸರಿಯಂತೆ.”

“ತಪ್ಪಲ್ವೇನೇ? ನೀನೇ ಕಂಡುಹಿಡಿದ್ಯಲ್ಲ ಅವತ್ತು.”

“ಹೌದು. ಆದ್ರೆ ಪುಸ್ತಕದಲ್ಲಿ ಸರಿ ಅಂತ ಬಂದಿದೆ. ಹಾಗಾದ್ರೆ ಬಟ್ಟೆ ಸುಳ್ಳು ಹೇಳ್ತಾ?”

ನಾನು ಕತ್ತರಿ ಬಿಟ್ಟು ಮೇಜಿನ ಕೆಳಗೆ ಬಗ್ಗಿದೆ. ಅವಳೇ ಮುಂದುವರಿಸಿದಳು, ತಲೆ ಎತ್ತದೆ: “ನಾನು ಅವತ್ತು ಕೈ ಎತ್ತದೆ ಸುಮ್ನಿದ್ದಿದ್ರೆ ಹಲಗೆ ಮೇಲೆ ಒಂದೇ ಉತ್ತರ ಇರ್ತಿತ್ತು. ಜಗಳಾನೇ ಆಗ್ತಿರಲಿಲ್ಲ. ಟೀಚರ್ ಇಲ್ಲೇ ಇರ್ತಿದ್ರು.”

ಅಂದಿನಿಂದ ಅವಳು ಗಣಿತದ ತರಗತಿಯಲ್ಲಿ ಕೈ ಎತ್ತಿಲ್ಲ. ಈಗ ಬಂದಿರುವ ಬದಲಿ ಟೀಚರು ಕೆಟ್ಟವರಲ್ಲ. ನಿಮ್ಮ ಐದು ಚೌಕಗಳಿಗೆ ಹೆದರಿದವರು. ಪ್ರಶ್ನೆಯನ್ನೂ ಅವರೇ ಕೇಳಿ, ಉತ್ತರವನ್ನೂ ಅವರೇ ಹೇಳಿ, ಒಂದು ಕ್ಷಣವೂ ಖಾಲಿ ಬಿಡದಂತೆ ಗಂಟೆ ಹೊಡೆಯುವವರೆಗೆ ಮಾತಾಡುತ್ತಾರೆ. ನಿಮ್ಮ ಟ್ಯಾಬ್ ಬಂದರೆ ಖಂಡಿತ ‘ಸಮರ್ಥರು’ ಎನ್ನುತ್ತದೆ. ಪರೀಕ್ಷೆಯಲ್ಲಿ ನನ್ನ ಮೊಮ್ಮಗಳಿಗೆ ಅಂಕ ಕಡಿಮೆಯಾಗಿಲ್ಲ. ಪಕ್ಕದಲ್ಲಿ ಕೂತವರ ಉತ್ತರ ಏನೆಂದು ನೋಡಿಕೊಂಡು ಅದನ್ನೇ ಬರೆಯುತ್ತಾಳೆ. ತನ್ನದು ಬೇರೆ ಬಂದರೆ ಅಳಿಸಿಬಿಡುತ್ತಾಳೆ. ಅಳಿಸಿ ಅಳಿಸಿ ಅವಳ ಪುಸ್ತಕದ ಹಾಳೆ ತೂತಾಗಿದೆ. ಇದನ್ನು ಅಳೆಯುವ ನಮೂನೆ ನಿಮ್ಮಲ್ಲಿದೆಯೇ?

ಈಗ ನನ್ನ ಬೇಡಿಕೆ. ಟೀಚರನ್ನು ಕಳಿಸಿಕೊಡಿ ಎಂದು ಮೊದಲೇ ಹೇಳಿದ್ದೇನೆ, ಅದರಲ್ಲಿ ಚೌಕಾಸಿ ಇಲ್ಲ. ಆದರೆ ಅದಕ್ಕೆ ಸಮಿತಿ, ಕಡತ, ಸಹಿ ಎಂದು ದಿನ ಹಿಡಿಯುತ್ತದೆಂದು ನನಗೂ ಗೊತ್ತು. ಅಲ್ಲಿಯವರೆಗೆ ಕಾಯಲಾಗದ ಕೆಲಸ ಇನ್ನೊಂದಿದೆ. ನನ್ನ ಮೊಮ್ಮಗಳ ಉತ್ತರ ತಪ್ಪು ಎಂದು ನೀವು ಬರೆದುಕೊಡಬೇಕು. ಸಂಸ್ಥೆಯ ಹೆಸರಿರುವ ಕಾಗದದಲ್ಲಿ, ಮೊಹರು ಹಾಕಿ, ಅವಳ ವಿಳಾಸಕ್ಕೆ. ಮೊಮ್ಮಗಳು ದಡ್ಡಿ ಎಂದು ಬರೆಸಿಕೊಳ್ಳಲು ಬಂದ ಅಜ್ಜಿಯನ್ನು ನೀವು ಈ ಮೊದಲು ಕಂಡಿರಲಾರಿರಿ. ನಾನು ಕೇಳುತ್ತಿರುವುದು ಅದಲ್ಲ. ‘ಮಗೂ, ನಿನ್ನ ಮೊದಲ ಉತ್ತರ ತಪ್ಪಿತ್ತು, ನೀನು ತಿದ್ದಿಕೊಂಡದ್ದು ಸರಿಯಿತ್ತು, ಬಟ್ಟೆ ಸುಳ್ಳು ಹೇಳಲಿಲ್ಲ, ತಪ್ಪಿದ್ದು ನಾವು, ನಿನ್ನ ಟೀಚರು ಹೋದದ್ದು ನಿನ್ನಿಂದಲ್ಲ.’ ಇಷ್ಟು ಸಾಕು. ನಾಲ್ಕು ಸಾಲು. ಇದನ್ನು ನಾನು ನೂರು ಸಲ ಹೇಳಿದ್ದೇನೆ. ಅಜ್ಜಿ ಹೇಳಿದರೆ ಅದು ಮುದ್ದು, ನೀವು ಹೇಳಿದರೆ ಮಾತ್ರ ಅದು ನಿಜವಾಗುವಂತೆ ನೀವೇ ಮಾಡಿಟ್ಟಿದ್ದೀರಿ.

ಸಾಧ್ಯವಾದರೆ ಅಂಚೆಗೆ ಹಾಕಬೇಡಿ. ನೀವೇ ಬನ್ನಿ. ಟ್ಯಾಬ್ ಮನೆಯಲ್ಲಿಟ್ಟು ಬನ್ನಿ. ಆರನೇ ತರಗತಿಯ ಹಲಗೆಯ ಮುಂದೆ ನಿಂತು ಆ ಮಕ್ಕಳಿಗೆ ಓದಿ ಹೇಳಿ. ದೊಡ್ಡವರು ತಪ್ಪನ್ನು ಒಪ್ಪಿಕೊಳ್ಳುವುದು ಹೇಗಿರುತ್ತದೆ ಎಂಬುದನ್ನು ಅವರಿನ್ನೂ ನೋಡಿಲ್ಲ. ಓದಿದ ಮೇಲೆ ನನ್ನ ಮೊಮ್ಮಗಳು ಸುಮ್ಮನಿದ್ದರೆ ಹೊರಟುಬಿಡಬೇಡಿ. ನಿಂತಿರಿ. ಅವಳ ಕೈ ಮೇಲೇಳಲು ಎಷ್ಟು ಹೊತ್ತು ಹಿಡಿಯುತ್ತದೋ ನನಗೂ ಗೊತ್ತಿಲ್ಲ.

ದೇವರು ನಿಮಗೆ ಆಯುಸ್ಸು, ಆರೋಗ್ಯ, ಒಂದಿಷ್ಟು ಸಾವಧಾನ ಕೊಡಲಿ.

ಇಂತಿ,
ತಮ್ಮ ಉತ್ತರ ಸರಿಯೋ ತಪ್ಪೋ, ಅದಕ್ಕಾಗಿ ಬಾಗಿಲು ತೆರೆದಿಟ್ಟು ಕೂತಿರುವ,
ಏಳನೇ ತರಗತಿ ತೇರ್ಗಡೆ, ಗಣಿತದಲ್ಲಿ ಮಾತ್ರ ಕೃಪಾಂಕ ಪಡೆದ,
ಒಬ್ಬ ಹೊಲಿಗೆಯವಳು